0.2 ಪಿಕೋಫ್ಯಾರಡ್‌ಗೆ ಎಷ್ಟು ಮೈಕ್ರೋಆಂಪಿಯರ್?

ಪ್ರಶ್ನೆ: 65 ನ್ಯಾನೋಮೀಟರ್ ಸಿಮಾಸ್‌ನಲ್ಲಿ ಬ್ಲೂಟೂತ್ ಲೋ ಎನರ್ಜಿಗೆ ರಿಸೀವರ್ ವಿನ್ಯಾಸ ಮಾಡುತ್ತಿದ್ದೇನೆ. ಸಪ್ಲೈ 1 ವೋಲ್ಟ್, ಒಟ್ಟು ಬಜೆಟ್ 1 ಮಿಲಿಆಂಪಿಯರ್. ಎಲ್‌ಎನ್‌ಎ (ಮೊದಲ ಹಂತದ, ಕಡಿಮೆ ನಾಯ್ಸ್‌ನ ಆಂಪ್ಲಿಫೈಯರ್) ಕಾಮನ್ ಗೇಟ್, ಅಂದರೆ ಸಿಗ್ನಲ್ ಟ್ರಾನ್ಸಿಸ್ಟರ್‌ನ ಸೋರ್ಸ್‌ಗೆ ಬರುವ ಬಗೆ; ಬೋರ್ಡ್ ಮೇಲಿನ ಇಂಡಕ್ಟರ್‌ನಿಂದ 50 ಓಮ್ ಅನ್ನು 450 ಓಮ್‌ಗೆ ಏರಿಸಿದ್ದೇನೆ, ಕರೆಂಟ್ 110 ಮೈಕ್ರೋಆಂಪಿಯರ್. ಸ್ಕೀಮ್ಯಾಟಿಕ್‌ನಲ್ಲಿ ಎಸ್‌11 (ಇನ್‌ಪುಟ್‌ನಿಂದ ಹಿಂದಕ್ಕೆ ಪುಟಿಯುವ ಸಿಗ್ನಲ್‌ನ ಅಳತೆ) ಮೈನಸ್ 20 ಡಿಬಿಗಿಂತ ಕೆಳಗಿತ್ತು. ಲೇಔಟ್ ಎಕ್ಸ್‌ಟ್ರ್ಯಾಕ್ಟ್ ಮಾಡಿ (ಅದರ ತಂತಿಗಳ ಕೆಪ್ಯಾಸಿಟೆನ್ಸ್ ಲೆಕ್ಕಕ್ಕೆ ತಂದು), ಪ್ಯಾಡ್ ಮತ್ತು ಪ್ಯಾಕೇಜ್ ಸೇರಿಸಿದ ಮೇಲೆ ಮೈನಸ್ 5 ಆಗಿದೆ, ಗೈನ್ ಕೂಡ ಬಿದ್ದಿದೆ. ಎಲ್‌ಒ (ಲೋಕಲ್ ಆಸಿಲೇಟರ್) ಬಫರ್‌ಗಳಿಗೆ 200 ಮೈಕ್ರೋಆಂಪಿಯರ್ ಇಟ್ಟುಕೊಂಡಿದ್ದೆ, ಈಗ 600 ದಾಟಿದೆ. ಎಲ್ಲಿ ಉಳಿಸಬೇಕು? ಇದನ್ನೇ 180 ನ್ಯಾನೋಮೀಟರ್‌ನಲ್ಲಿ ಮಾಡಿದರೆ ಆಗುತ್ತದೆಯೇ?

ಉತ್ತರ: ನಿಮ್ಮ ಎರಡೂ ತೊಂದರೆಗಳ ಮೂಲ ಒಂದೇ. ಲೆಕ್ಕಕ್ಕೆ ತೆಗೆದುಕೊಳ್ಳದ ಕೆಪ್ಯಾಸಿಟೆನ್ಸ್ ಬಂದು ಕೂತಿದೆ, ಅದು ಕರೆಂಟ್ ಕೇಳುತ್ತಿದೆ. ಟ್ರಾನ್ಸಿಸ್ಟರ್ ಬದಲಿಸುವ ಮುನ್ನ, ಯಾವ ನೋಡ್‌ನಲ್ಲಿ ಎಷ್ಟು ಫೆಮ್ಟೊಫ್ಯಾರಡ್ ಇದೆ ಎಂಬ ಪಟ್ಟಿ ಮಾಡಿ. ಕರೆಂಟ್ ಬಜೆಟ್ ಹಾಕುವ ಎಲ್ಲರೂ ಕೆಪ್ಯಾಸಿಟೆನ್ಸ್ ಬಜೆಟ್ ಹಾಕುವುದಿಲ್ಲ, ಕೊನೆಯಲ್ಲಿ ಪೆಟ್ಟು ಬೀಳುವುದು ಅಲ್ಲೇ.

ಇನ್‌ಪುಟ್‌ನಿಂದ ಶುರು ಮಾಡೋಣ. 2.44 ಗಿಗಾಹರ್ಟ್ಸ್‌ನಲ್ಲಿ 50ರಿಂದ 450 ಓಮ್‌ಗೆ ಹೋಗುವ ಎಲ್-ಮ್ಯಾಚ್‌ನ (ಒಂದು ಇಂಡಕ್ಟರ್, ಒಂದು ಕೆಪ್ಯಾಸಿಟರ್‌ನ ಜೋಡಣೆ) ಕ್ಯೂ, ಅಂದರೆ ಕ್ವಾಲಿಟಿ ಫ್ಯಾಕ್ಟರ್, 9ರಲ್ಲಿ 1 ಕಳೆದು ಬರುವ 8ರ ವರ್ಗಮೂಲ, ಅಂದರೆ 2.83. ಸರಣಿ ಇಂಡಕ್ಟರ್‌ನ ರಿಯಾಕ್ಟೆನ್ಸ್ 141 ಓಮ್, ಅಂದರೆ 9.2 ನ್ಯಾನೋಹೆನ್ರಿ. ಚಿಪ್ ಕಡೆ ನೆಲಕ್ಕೆ ಬೇಕಾದ ಕೆಪ್ಯಾಸಿಟೆನ್ಸ್ 0.41 ಪಿಕೋಫ್ಯಾರಡ್. ಪ್ಯಾಡ್, ಇಎಸ್‌ಡಿ (ಸ್ಥಿರ ವಿದ್ಯುತ್ತಿನ ಆಘಾತ ತಡೆಯುವ) ಡಯೋಡ್, ವೈರಿಂಗ್, ಟ್ರಾನ್ಸಿಸ್ಟರ್ ಎಲ್ಲ ಸೇರಿ ಇರಬಹುದಾದದ್ದು ಇಷ್ಟೇ, ಒಂದು ಫೆಮ್ಟೊ ಹೆಚ್ಚಿಲ್ಲ.

ಈಗ ಅದಕ್ಕೆ ಇನ್ನೊಂದು 0.1 ಪಿಕೋಫ್ಯಾರಡ್ ಸೇರಿತು ಅನ್ನಿ. ಇನ್‌ಪುಟ್ ಇಂಪೀಡೆನ್ಸ್ 34 + ಜೆ23 ಓಮ್ ಆಗುತ್ತದೆ, ಎಸ್‌11 ಮೈನಸ್ 9.7 ಡಿಬಿ. 0.2 ಸೇರಿದರೆ 24 + ಜೆ40 ಓಮ್, ಎಸ್‌11 ಮೈನಸ್ 4.9 ಡಿಬಿ. ನಿಮಗೆ ಬಂದಿರುವ ಮೈನಸ್ 5 ಇದೇ. ಹಾಗಾಗಿ ಹುಡುಕಬೇಕಾದದ್ದು ಸುಮಾರು 200 ಫೆಮ್ಟೊಫ್ಯಾರಡ್. ಈ ಮಿಸ್‌ಮ್ಯಾಚ್‌ನಿಂದ ಗೈನ್ ಬೀಳುವುದು 1.7 ಡಿಬಿ ಮಾತ್ರ. ಅದಕ್ಕಿಂತ ಹೆಚ್ಚು ಬಿದ್ದಿದ್ದರೆ ಔಟ್‌ಪುಟ್ ಟ್ಯಾಂಕ್ (ಇಂಡಕ್ಟರ್-ಕೆಪ್ಯಾಸಿಟರ್ ರೆಸೊನೇಟರ್) ಕೂಡ ಕೆಳಗಿನ ಆವರ್ತನಕ್ಕೆ ಜಾರಿದೆ ಎಂದು ತಿಳಿಯಿರಿ.

ಇಂಡಕ್ಟರ್ ಚಿಕ್ಕದು ಮಾಡಿದರೆ ಸಾಲದೇ ಎಂದು ಕೇಳಬಹುದು. ಸಾಲದು. 9.2ರ ಬದಲು 6.6 ನ್ಯಾನೋಹೆನ್ರಿ ಹಾಕಿದರೆ ರಿಯಾಕ್ಟೆನ್ಸ್ ಹೋಗುತ್ತದೆ, ಆದರೆ ಉಳಿಯುವ ರೆಸಿಸ್ಟೆನ್ಸ್ 24 ಓಮ್, ಎಸ್‌11 ಮೈನಸ್ 9ರಲ್ಲೇ ನಿಲ್ಲುತ್ತದೆ. 0.61 ಪಿಕೋಫ್ಯಾರಡ್ ಇಟ್ಟುಕೊಂಡು ಸರಿಯಾಗಿ 50 ಓಮ್‌ಗೆ ಮ್ಯಾಚ್ ಆಗಬೇಕೆಂದರೆ ಚಿಪ್ ಕಡೆಯ ರೆಸಿಸ್ಟೆನ್ಸ್ 450 ಅಲ್ಲ, 155 ಓಮ್ ಆಗಬೇಕು, ಇಂಡಕ್ಟರ್ 4.7 ನ್ಯಾನೋಹೆನ್ರಿ. ಕಾಮನ್ ಗೇಟ್‌ನಲ್ಲಿ ಆ ರೆಸಿಸ್ಟೆನ್ಸ್ ಅಂದರೆ ಜಿಎಂನ (ಟ್ರಾನ್ಸ್‌ಕಂಡಕ್ಟೆನ್ಸ್) ವಿಲೋಮ. ಜಿಎಂ 2.2 ಮಿಲಿಸೀಮನ್ಸ್‌ನಿಂದ 6.45ಕ್ಕೆ ಏರಬೇಕು. ಪ್ರತಿ ಆಂಪಿಯರ್‌ಗೆ 20 ಸೀಮನ್ಸ್ ಸಿಗುವ ಬಯಾಸ್‌ನಲ್ಲಿ ಕರೆಂಟ್ 111ರಿಂದ 322 ಮೈಕ್ರೋಆಂಪಿಯರ್‌ಗೆ ಹೋಗುತ್ತದೆ. 0.2 ಪಿಕೋಫ್ಯಾರಡ್‌ನ ಬೆಲೆ 210 ಮೈಕ್ರೋಆಂಪಿಯರ್. ಕರೆಂಟ್ ಏರಿಸಿದರೆ ಸಿಮ್ಯುಲೇಶನ್ ಚೆನ್ನಾಗಿ ಕಾಣುವುದು ಇದೇ ಕಾರಣಕ್ಕೆ. ಅದು ರೋಗಕ್ಕೆ ಮದ್ದಲ್ಲ.

200 ಫೆಮ್ಟೊ ಎಲ್ಲಿಂದ ಬಂದಿರಬಹುದು? ಮೊದಲ ಅನುಮಾನ ಬೋರ್ಡ್ ಮೇಲೆ. ಎಫ್‌ಆರ್‌4 (ಸಾಮಾನ್ಯ ಸರ್ಕ್ಯೂಟ್ ಬೋರ್ಡ್ ವಸ್ತು) ಮೇಲಿನ 50 ಓಮ್ ಟ್ರೇಸ್‌ನ ಕೆಪ್ಯಾಸಿಟೆನ್ಸ್ ಪ್ರತಿ ಮಿಲಿಮೀಟರ್‌ಗೆ ಸುಮಾರು 0.12 ಪಿಕೋಫ್ಯಾರಡ್. ಇಂಡಕ್ಟರ್‌ಗೂ ಚಿಪ್‌ನ ಪಿನ್‌ಗೂ ನಡುವೆ 2 ಮಿಲಿಮೀಟರ್ ಟ್ರೇಸ್ ಬಿಟ್ಟಿದ್ದರೆ ನಿಮ್ಮ 0.2 ಅಲ್ಲೇ ಸಿಕ್ಕಿತು. ಇಂಡಕ್ಟರ್‌ನ ಆ್ಯಂಟೆನಾ ಕಡೆ 50 ಓಮ್ ಟ್ರೇಸ್ ಎಷ್ಟೇ ಉದ್ದವಿರಲಿ, ತೊಂದರೆಯಿಲ್ಲ. ಚಿಪ್ ಕಡೆ ಅದು 50 ಓಮ್ ನೋಡ್ ಅಲ್ಲ. ಅಲ್ಲಿ ಟ್ರೇಸ್ ಆದಷ್ಟು ಗಿಡ್ಡ ಮತ್ತು ತೆಳು ಇರಲಿ, ಇಂಡಕ್ಟರ್‌ನ ಚಿಪ್ ಕಡೆಯ ಪ್ಯಾಡ್ ಕೆಳಗೆ ಗ್ರೌಂಡ್ ಪ್ಲೇನ್ ಕತ್ತರಿಸಿ. ಬಾಂಡ್ ವೈರ್ ಪ್ರತಿ ಮಿಲಿಮೀಟರ್‌ಗೆ ಸುಮಾರು 1 ನ್ಯಾನೋಹೆನ್ರಿ ಕೊಡುತ್ತದೆ, ಅದು ಸರಣಿಯಲ್ಲೇ ಇರುವುದರಿಂದ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಬೋರ್ಡ್ ಮೇಲೆ 8.2 ಹಾಕಿದರೆ ಒಟ್ಟು 9.2 ಆಯಿತು, ಮೇಲಾಗಿ 8.2 ಅಂಗಡಿಯಲ್ಲಿ ಸಿಗುವ ಮೌಲ್ಯ.

ಎರಡನೆಯದು ಪ್ಯಾಡ್. 60 ಮೈಕ್ರಾನ್ ಚೌಕದ ಪ್ಯಾಡ್ ಅನ್ನು ಮೇಲಿನ ಲೋಹದಲ್ಲಷ್ಟೇ ಬಿಡಿಸಿದ್ದರೆ ಸಬ್‌ಸ್ಟ್ರೇಟ್‌ಗೆ 25–40 ಫೆಮ್ಟೊ. ಡಿಜಿಟಲ್ ಲೈಬ್ರರಿಯ ಪ್ಯಾಡ್ ಎತ್ತಿಕೊಂಡಿದ್ದರೆ ಅದು ಕೆಳಗಿನ ಲೋಹದವರೆಗೆ ರಾಶಿ ಹಾಕಿದ ಪ್ಯಾಡ್, ಕೆಪ್ಯಾಸಿಟೆನ್ಸ್ ಹಲವು ಪಟ್ಟು. ಆರ್‌ಎಫ್ ಪಿನ್‌ಗೆ ಅದನ್ನು ಬಳಸಲೇಬೇಡಿ. ಇಎಸ್‌ಡಿಗೆ ಎರಡು ಡಯೋಡ್ ಮತ್ತು ಪಕ್ಕದಲ್ಲೇ ಸಪ್ಲೈ ಕ್ಲ್ಯಾಂಪ್ ಸಾಕು. ಗಾತ್ರ ನೋಡಿ ಮಾಡಿದರೆ 100ರಿಂದ 150 ಫೆಮ್ಟೊ ಒಳಗೆ ಬರುತ್ತದೆ. ಡಯೋಡ್ ತೆಗೆದುಹಾಕುವ ಯೋಚನೆ ಬೇಡ, ಲ್ಯಾಬ್‌ನಲ್ಲಿ ಬೆಸುಗೆ ಹಾಕುವಾಗಲೇ ಚಿಪ್ ಸಾಯುತ್ತದೆ.

ಟ್ರಾನ್ಸಿಸ್ಟರ್ ಇಲ್ಲಿ ಹೆಚ್ಚಿನ ಅಪರಾಧಿ ಅಲ್ಲ. 111 ಮೈಕ್ರೋಆಂಪಿಯರ್‌ಗೆ, ಕನಿಷ್ಠ ಉದ್ದದಲ್ಲಿ, ಮಾಡರೇಟ್ ಇನ್ವರ್ಶನ್‌ನಲ್ಲಿ (ಥ್ರೆಶೋಲ್ಡ್ ಆಸುಪಾಸಿನ ಬಯಾಸ್) ಅಗಲ 15–20 ಮೈಕ್ರಾನ್, ಕೆಪ್ಯಾಸಿಟೆನ್ಸ್ ಸುಮಾರು 20 ಫೆಮ್ಟೊ. ಕೆಲವರು ಇಲ್ಲಿ ಇನ್ನೂ ಕರೆಂಟ್ ಹಿಂಡಲು ಸಬ್‌ಥ್ರೆಶೋಲ್ಡ್‌ಗೆ, ಅಂದರೆ ಥ್ರೆಶೋಲ್ಡ್ ವೋಲ್ಟೇಜ್‌ಗಿಂತ ಕೆಳಗೆ, ಇಳಿಯುತ್ತಾರೆ. ಜಿಎಂ-ಕರೆಂಟ್ ಅನುಪಾತ 20ರಿಂದ 25ಕ್ಕೆ ಹೋದರೆ ಕರೆಂಟ್ ಶೇ. 20 ಇಳಿಯುತ್ತದೆ, ನಿಜ. ಆದರೆ ಅಗಲ ಹೆಚ್ಚುಕಡಿಮೆ ಮೂರು ಪಟ್ಟಾಗುತ್ತದೆ, ಉಳಿಸಿದ 20 ಮೈಕ್ರೋಆಂಪಿಯರ್‌ಗೆ ಪ್ರತಿಯಾಗಿ 40 ಫೆಮ್ಟೊ ಸೇರುತ್ತದೆ. ಈ ಸರ್ಕ್ಯೂಟ್‌ನಲ್ಲಿ ಅದು ನಷ್ಟದ ವ್ಯಾಪಾರ. 18ರಿಂದ 20ರ ನಡುವೆ ನಿಲ್ಲಿಸಿ.

ನಾನಾಗಿದ್ದರೆ 0.41 ಪಿಕೋಫ್ಯಾರಡ್ ಅನ್ನು ಹೀಗೆ ಹಂಚುತ್ತಿದ್ದೆ: ಪ್ಯಾಡ್ 30, ಇಎಸ್‌ಡಿ 120, ಟ್ರಾನ್ಸಿಸ್ಟರ್ ಮತ್ತು ಒಳಗಿನ ತಂತಿ 50, ಪಿನ್ ಹಾಗೂ ಬೋರ್ಡ್ 100. ಉಳಿದ 110 ಫೆಮ್ಟೊ ಜಾಗದಲ್ಲಿ ಸ್ವಿಚ್ಡ್ ಕೆಪ್ಯಾಸಿಟರ್ ಬ್ಯಾಂಕ್, 4 ಬಿಟ್, ನಡುವಿನ ಕೋಡ್‌ನಲ್ಲಿ ಮ್ಯಾಚ್ ಆಗುವ ಹಾಗೆ. ಸಿಲಿಕಾನ್ ಬಂದಾಗ ಅಂದಾಜು ತಪ್ಪಿಯೇ ಇರುತ್ತದೆ, ಎರಡೂ ಕಡೆ ಸರಿಸಲು ಜಾಗ ಬೇಕು.

ಇಷ್ಟು ಮಾಡಿಯೂ 0.2 ಪಿಕೋಫ್ಯಾರಡ್ ಹೋಗಲಿಲ್ಲ ಅಂದರೆ ಅದನ್ನು ರೆಸೊನೇಟ್ ಮಾಡಿ. ಕಾಮನ್ ಗೇಟ್‌ನ ಸೋರ್ಸ್‌ಗೆ ನೆಲಕ್ಕೆ ಡಿಸಿ ದಾರಿ ಹೇಗೂ ಬೇಕಲ್ಲ, ಅಲ್ಲಿ ಕರೆಂಟ್ ಸೋರ್ಸ್ ಬದಲು ಇಂಡಕ್ಟರ್ ಹಾಕಿ. 0.2 ಪಿಕೋಫ್ಯಾರಡ್‌ಗೆ 21 ನ್ಯಾನೋಹೆನ್ರಿ ಬೇಕು. ಚಿಪ್ ಮೇಲೆ ಕ್ಯೂ 10 ಸಿಕ್ಕರೆ ಅದರ ಸಮಾಂತರ ರೆಸಿಸ್ಟೆನ್ಸ್ 3.3 ಕಿಲೋಓಮ್, 450 ಓಮ್ ಪಕ್ಕದಲ್ಲಿ ಅದು ನಾಯ್ಸ್ ಫ್ಯಾಕ್ಟರ್‌ಗೆ (ಡಿಬಿಯಲ್ಲಿ ಹೇಳಿದರೆ ನಾಯ್ಸ್ ಫಿಗರ್) ಸೇರಿಸುವುದು ಸುಮಾರು 0.14. ನಿಮ್ಮ ಒಟ್ಟು ನಾಯ್ಸ್ ಫಿಗರ್ ಮಟ್ಟದಲ್ಲಿ ಅರ್ಧ ಡಿಬಿಗೂ ಕಡಿಮೆ. ಸಿಲಿಕಾನ್ ಜಾಗ ಹೋಗುತ್ತದೆ, 210 ಮೈಕ್ರೋಆಂಪಿಯರ್ ಉಳಿಯುತ್ತದೆ. ಮೊದಲಿದ್ದ ಕರೆಂಟ್ ಸೋರ್ಸ್‌ನ ನಾಯ್ಸ್ ಕೂಡ ಹೋಗುತ್ತದೆ.

ಮುಖ್ಯ ಇಂಡಕ್ಟರ್ ಅನ್ನೂ ಒಳಗೆ ತರುವ ಆಸೆ ಇದ್ದರೆ ಲೆಕ್ಕ ನೋಡಿ. ಮ್ಯಾಚ್‌ನ ಕ್ಯೂ 2.83, ಇಂಡಕ್ಟರ್‌ನ ಕ್ಯೂ 10 ಆದರೆ ಸಿಗ್ನಲ್‌ನ ಶೇ. 28 ಇಂಡಕ್ಟರ್‌ನಲ್ಲೇ ಉರಿಯುತ್ತದೆ, 1.4 ಡಿಬಿ ನಷ್ಟ, ಅದೂ ಎಲ್‌ಎನ್‌ಎಗಿಂತ ಮುಂಚೆ. ಬೋರ್ಡ್ ಮೇಲಿನ 0402 ಗಾತ್ರದ ವೈರ್‌ವೌಂಡ್ ಇಂಡಕ್ಟರ್‌ನಲ್ಲಿ ಕ್ಯೂ 40 ಸಿಕ್ಕರೆ ನಷ್ಟ 0.3 ಡಿಬಿ. ಒಂದು ಬಿಡಿಭಾಗದ ದುಡ್ಡು ಉಳಿಸಲು 1 ಡಿಬಿ ಕೊಡಬೇಡಿ.

ನಾಯ್ಸ್ ವಿಷಯ ಬಂದದ್ದರಿಂದ ಒಂದು ಮಾತು. ಬ್ಲೂಟೂತ್ ಲೋ ಎನರ್ಜಿ ಸ್ಪೆಕ್ ಕೇಳುವ ಸೆನ್ಸಿಟಿವಿಟಿ ಮೈನಸ್ 70 ಡಿಬಿಎಂ ಮಾತ್ರ. ಉಷ್ಣ ನಾಯ್ಸ್ ಮೈನಸ್ 174, ಅದಕ್ಕೆ 1 ಮೆಗಾಹರ್ಟ್ಸ್ ಚಾನೆಲ್‌ನ 60 ಡಿಬಿ, ಡಿಮಾಡ್ಯುಲೇಟರ್‌ಗೆ 14 ಡಿಬಿ ಎಸ್‌ಎನ್‌ಆರ್ (ಸಿಗ್ನಲ್-ನಾಯ್ಸ್ ಅನುಪಾತ) ಎಂದಿಟ್ಟುಕೊಂಡರೆ ನಾಯ್ಸ್ ಫಿಗರ್ 30 ಡಿಬಿ ಇದ್ದರೂ ಸ್ಪೆಕ್ ಪಾಸ್! ಮಾರುಕಟ್ಟೆ ಕೇಳುವುದು ಮೈನಸ್ 94ರ ಆಸುಪಾಸು, ಅದಕ್ಕೆ ನಾಯ್ಸ್ ಫಿಗರ್ 6 ಡಿಬಿ ಇರಬೇಕು. ಲೀನಿಯಾರಿಟಿಯೂ ಹಾಗೆಯೇ ಸಡಿಲ. ಇಂಟರ್‌ಮಾಡ್ಯುಲೇಶನ್ ಪರೀಕ್ಷೆಯಲ್ಲಿ ಬೇಕಾದ ಸಿಗ್ನಲ್ ಮೈನಸ್ 64, ಅಡ್ಡಿ ಸಿಗ್ನಲ್‌ಗಳು ಮೈನಸ್ 50. ಕೋ-ಚಾನೆಲ್‌ಗೆ 21 ಡಿಬಿ ಅಂತರ ಹಿಡಿದರೆ ಐಐಪಿ3 (ಲೀನಿಯಾರಿಟಿಯ ಅಳತೆ) ಮೈನಸ್ 32.5 ಡಿಬಿಎಂ ಸಾಕು. ಇಲ್ಲಿ ಮೈನಸ್ 10 ಸಾಧಿಸಿ ತೋರಿಸುವ ವಿನ್ಯಾಸಗಳು ಯಾರೂ ಕೇಳದ ಲೀನಿಯಾರಿಟಿಗೆ ಕರೆಂಟ್ ಸುಡುತ್ತಿವೆ. ವೈಫೈ ಪಕ್ಕದಲ್ಲೇ ಕೂರುವ ಸಾಧನವಾದರೆ ಹತ್ತು ಡಿಬಿ ಮಾರ್ಜಿನ್ ಇಡಿ, ಅಲ್ಲಿಗೆ ನಿಲ್ಲಿಸಿ.

ಇನ್ನು ಎಲ್‌ಒ ಕಡೆ ಬರೋಣ. ನಿಮ್ಮ ವಿಸಿಒ (ವೋಲ್ಟೇಜ್‌ನಿಂದ ಆವರ್ತನ ಬದಲಾಗುವ ಆಸಿಲೇಟರ್) 4.88 ಗಿಗಾಹರ್ಟ್ಸ್‌ನಲ್ಲಿದ್ದು, ಎರಡರಿಂದ ಭಾಗಿಸಿ ಶೇ. 25 ಡ್ಯೂಟಿ ಸೈಕಲ್‌ನ ನಾಲ್ಕು ಫೇಸ್ ಮಾಡಿ ಪ್ಯಾಸಿವ್ ಮಿಕ್ಸರ್‌ಗೆ ಕಳಿಸುತ್ತಿದ್ದೀರಿ ಎಂದು ಊಹಿಸುತ್ತೇನೆ, ಇದೇ ವಾಡಿಕೆ. ಡಿವೈಡರ್‌ನಿಂದ ಮಿಕ್ಸರ್‌ಗೆ 300 ಮೈಕ್ರಾನ್ ದೂರವಿದ್ದರೆ, ಮೈಕ್ರಾನ್‌ಗೆ 0.15 ಫೆಮ್ಟೊ ಲೆಕ್ಕದಲ್ಲಿ ಪ್ರತಿ ತಂತಿಗೆ 45 ಫೆಮ್ಟೊ. ಅದನ್ನು 2.44 ಗಿಗಾಹರ್ಟ್ಸ್‌ನಲ್ಲಿ 1 ವೋಲ್ಟ್‌ಗೆ ಏರಿಸಿ ಇಳಿಸಲು 110 ಮೈಕ್ರೋಆಂಪಿಯರ್. ನಾಲ್ಕು ತಂತಿಗೆ 440. ನಿಮ್ಮ 200 ಯಾಕೆ 600 ದಾಟಿತು ಎಂಬುದಕ್ಕೆ ಬೇರೆ ಉತ್ತರ ಬೇಕಿಲ್ಲ. ಮಿಕ್ಸರ್ ಸ್ವಿಚ್‌ಗಳ ಗೇಟ್ ಇದರ ಮುಂದೆ ಚಿಲ್ಲರೆ.

ಡಿವೈಡರ್ ಅನ್ನು ಮಿಕ್ಸರ್ ಪಕ್ಕಕ್ಕೆ ತಂದು, ವಿಸಿಒನಿಂದ ಅಲ್ಲಿಗೆ ಎರಡೇ ತಂತಿ ಎಳೆದರೆ ಅರ್ಧ ಉಳಿಯುತ್ತದೆ ಎಂದು ಅನಿಸುತ್ತದೆ. ಉಳಿಯುವುದಿಲ್ಲ: ತಂತಿ ಅರ್ಧ, ಆವರ್ತನ ಎರಡು ಪಟ್ಟು, ಬಫರ್ ಇಟ್ಟು ಚೌಕ ಅಲೆ ಕಳಿಸಿದರೆ ಅದೇ 440. ಸರಿಯಾದ ದಾರಿ ಬೇರೆ. ಚೌಕ ಅಲೆ ಹರಿಯುವ ತಂತಿ ಗಿಡ್ಡ ಇರಬೇಕು. ಟ್ಯಾಂಕ್‌ನೊಳಗೆ ಸೇರಿದ ತಂತಿ, ಅಂದರೆ ಎಲ್‌ಎನ್‌ಎ ಔಟ್‌ಪುಟ್‌ನದು, ಉದ್ದವಾಗಬಹುದು, ಅದರ ಕೆಪ್ಯಾಸಿಟೆನ್ಸ್ ಅನ್ನು ಲೋಡ್ ಇಂಡಕ್ಟರ್ ನುಂಗಿಕೊಳ್ಳುತ್ತದೆ. ಮಿಕ್ಸರ್ ಆಚೆಗಿನ ತಂತಿಯಲ್ಲಿ ಇರುವುದು ಒಂದೆರಡು ಮೆಗಾಹರ್ಟ್ಸ್‌ನ ಐಎಫ್ (ಮಧ್ಯಂತರ ಆವರ್ತನ), ಅದು ಚಿಪ್‌ನ ಈ ತುದಿಯಿಂದ ಆ ತುದಿಗೆ ಹೋದರೂ ಕೇಳುವವರಿಲ್ಲ. ಹಾಗಾಗಿ ವಿಸಿಒ, ಡಿವೈಡರ್, ಮಿಕ್ಸರ್ ಮೂರನ್ನೂ ಒಂದು ಗುಂಪಾಗಿ ಅಂಟಿಸಿ ಕೂರಿಸಿ, ಎಲ್‌ಒ ತಂತಿ 50 ಮೈಕ್ರಾನ್ ಒಳಗಿರಲಿ. ಆಗ ತಂತಿಗಳ 440 ಮೈಕ್ರೋಆಂಪಿಯರ್ 75ರ ಆಸುಪಾಸಿಗೆ ಬರುತ್ತದೆ. ವಿಸಿಒ ಇಂಡಕ್ಟರ್‌ಗೂ ಎಲ್‌ಎನ್‌ಎ ಇಂಡಕ್ಟರ್‌ಗೂ ನಡುವೆ ಮಾತ್ರ ದೂರ ಇಡಿ. ವಿಸಿಒಗೆ 8ರ ಆಕಾರದ ಇಂಡಕ್ಟರ್ ಬಿಡಿಸಿದರೆ ಅದರ ಕಾಂತಕ್ಷೇತ್ರ ಬಹುಮಟ್ಟಿಗೆ ಅಲ್ಲೇ ರದ್ದಾಗುತ್ತದೆ, ಕ್ಯೂ ಸ್ವಲ್ಪ ಕಡಿಮೆಯಾದರೂ ಅಡ್ಡಿಯಿಲ್ಲ.

ಎಲ್‌ಒ ಭಾಗಕ್ಕೆ ಸಪ್ಲೈ 0.7 ವೋಲ್ಟ್ ಮಾಡಿದರೆ ಇನ್ನೂ ಶೇ. 30 ಇಳಿಯುತ್ತದೆ (ಎಲ್‌ಡಿಒ ಎಂಬ ಲೀನಿಯರ್ ರೆಗ್ಯುಲೇಟರ್ ಮೂಲಕ; ಡಿಸಿ-ಡಿಸಿ ಕನ್ವರ್ಟರ್‌ನಿಂದ ಕೊಟ್ಟರೆ ಅರ್ಧಕ್ಕೆ ಹತ್ತಿರ). ಮಿಕ್ಸರ್ ಸ್ವಿಚ್‌ನ ಆನ್ ರೆಸಿಸ್ಟೆನ್ಸ್ ಆಗ ಏರುತ್ತದೆ, ಸ್ಲೋ ಕಾರ್ನರ್ (ತಯಾರಿಕೆಯಲ್ಲಿ ಟ್ರಾನ್ಸಿಸ್ಟರ್ ನಿಧಾನವಾಗಿ ಬಂದ ಸ್ಥಿತಿ), ಮೈನಸ್ 40 ಡಿಗ್ರಿಯಲ್ಲಿ ನೋಡಿಕೊಂಡೇ ನಿರ್ಧರಿಸಿ.

ವಿಸಿಒದಲ್ಲಿ ಫೇಸ್ ನಾಯ್ಸ್‌ಗೆ (ಆಸಿಲೇಟರ್ ಫೇಸ್‌ನ ಅಲುಗಾಟ) ಹೆದರಬೇಡಿ. 3 ಮೆಗಾಹರ್ಟ್ಸ್ ಆಚೆ 27 ಡಿಬಿ ಜೋರಾದ ಅಡ್ಡಿ ಸಿಗ್ನಲ್ ಇದ್ದಾಗ ಬೇಕಾದದ್ದು ಮೈನಸ್ 102 ಡಿಬಿಸಿ ಪ್ರತಿ ಹರ್ಟ್ಸ್. ಫಿಗರ್ ಆಫ್ ಮೆರಿಟ್ 180 ಇರುವ ಸಾಧಾರಣ ವಿಸಿಒ ಕೂಡ 0.3 ಮಿಲಿವ್ಯಾಟ್‌ನಲ್ಲಿ, ಭಾಗಿಸಿದ ಮೇಲೆ, ಮೈನಸ್ 116 ಕೊಡುತ್ತದೆ. ಕೈ ಕೊಡುವುದು ಸ್ಟಾರ್ಟ್‌ಅಪ್. 2.5 ನ್ಯಾನೋಹೆನ್ರಿ, ಕ್ಯೂ 12 ಆದರೆ ಟ್ಯಾಂಕ್‌ನ ಸಮಾಂತರ ರೆಸಿಸ್ಟೆನ್ಸ್ 920 ಓಮ್. ಎನ್‌ಮಾಸ್-ಪಿಮಾಸ್ ಜೋಡಿಯಲ್ಲಿ 300 ಮೈಕ್ರೋಆಂಪಿಯರ್‌ಗೆ ಡಿಫರೆನ್ಷಿಯಲ್ ಸ್ವಿಂಗ್ ಸುಮಾರು 0.35 ವೋಲ್ಟ್, ಸ್ಟಾರ್ಟ್‌ಅಪ್ ಮಾರ್ಜಿನ್ ಎರಡು ಪಟ್ಟು. ಎರಡಕ್ಕಿಂತ ಕೆಳಗೆ ಹೋಗಬೇಡಿ, ಕಾರ್ನರ್‌ನಲ್ಲಿ ಕ್ಯೂ 9ಕ್ಕೆ ಬಿದ್ದ ದಿನ ಆಸಿಲೇಶನ್ ಶುರುವಾಗದೇ ಹೋಗಬಹುದು. ಕರೆಂಟ್ ಇಳಿಸಬೇಕೆಂದರೆ ಇಂಡಕ್ಟರ್ ದೊಡ್ಡದು ಮಾಡಿ, ಆದರೆ 2.5 ನ್ಯಾನೋಹೆನ್ರಿಗೇ ಟ್ಯಾಂಕ್ ಕೆಪ್ಯಾಸಿಟೆನ್ಸ್ 0.43 ಪಿಕೋಫ್ಯಾರಡ್ ಮಾತ್ರ. ಅದರಲ್ಲಿ ಟ್ರಾನ್ಸಿಸ್ಟರ್, ಡಿವೈಡರ್ ಇನ್‌ಪುಟ್, ತಂತಿ ಕಳೆದು ಉಳಿದದ್ದರಲ್ಲಿ ಟ್ಯೂನಿಂಗ್ ಬ್ಯಾಂಕ್ ಇರಬೇಕು.

ಬಯಾಸ್ ಬಗ್ಗೆ ಚಿಕ್ಕದಾಗಿ. ಎಲ್‌ಎನ್‌ಎಗೆ ತಾಪಮಾನಕ್ಕೆ ತಕ್ಕಂತೆ ಏರುವ ಕರೆಂಟ್ ಕೊಡಿ. ಸ್ಥಿರ ಕರೆಂಟ್ ಕೊಟ್ಟರೆ 85 ಡಿಗ್ರಿಯಲ್ಲಿ ಜಿಎಂ ಶೇ. 15ರಷ್ಟು ಬೀಳುತ್ತದೆ, 450 ಓಮ್ 530 ಓಮ್ ಆಗಿ ಮ್ಯಾಚ್ ಸರಿಯುತ್ತದೆ.

ಎಕ್ಸ್‌ಟ್ರ್ಯಾಕ್ಷನ್ ಮೇಲೂ ಪೂರ್ತಿ ನಂಬಿಕೆ ಇಡುವ ಮೊದಲು ಎರಡು ಪರೀಕ್ಷೆ ಮಾಡಿ. ಇಂಡಕ್ಟರ್ ಸೆಲ್ ಅನ್ನು ಟೂಲ್ ಬ್ಲ್ಯಾಕ್‌ಬಾಕ್ಸ್ ಆಗಿ ಬಿಟ್ಟಿದೆಯೇ ನೋಡಿ. ಬಿಡದಿದ್ದರೆ ಮಾಡೆಲ್‌ನೊಳಗಿನ ಕೆಪ್ಯಾಸಿಟೆನ್ಸ್ ಎರಡು ಸಲ ಎಣಿಕೆಯಾಗಿ, ಇಲ್ಲದ ಸಮಸ್ಯೆ ಕಾಣುತ್ತದೆ. ಕೆಪ್ಯಾಸಿಟೆನ್ಸ್ ಮಾತ್ರ ನೋಡುವ ಎಕ್ಸ್‌ಟ್ರ್ಯಾಕ್ಷನ್ ಒಮ್ಮೆ ಓಡಿಸಿ ಇನ್‌ಪುಟ್ ನೋಡ್‌ನ ಕೆಪ್ಯಾಸಿಟೆನ್ಸ್ ಪಟ್ಟಿಯನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಓದಿ, ಮೊದಲ ಐದು ಸಾಲಿನಲ್ಲೇ ಉತ್ತರ ಇರುತ್ತದೆ. ಡಮ್ಮಿ ಫಿಲ್ (ಖಾಲಿ ಜಾಗದಲ್ಲಿ ತುಂಬುವ ಲೋಹದ ಚೂರುಗಳು) ಹಾಕಿದ ಮೇಲೆ ಮತ್ತೊಮ್ಮೆ ಓಡಿಸಬೇಕು. ಇಂಡಕ್ಟರ್ ಸುತ್ತ ನೋ-ಫಿಲ್ ಲೇಯರ್ ಮರೆತರೆ ಫೌಂಡ್ರಿ ತುಂಬಿದ ಲೋಹ ಕ್ಯೂ ಅನ್ನು ತಿನ್ನುತ್ತದೆ, ಅದು ನಿಮ್ಮ ಸಿಮ್ಯುಲೇಶನ್‌ನಲ್ಲಿ ಕಾಣುವುದೇ ಇಲ್ಲ.

ನೀವು ಕೇಳಿಲ್ಲ, ಆದರೂ: 1 ಮಿಲಿಆಂಪಿಯರ್‌ಗಾಗಿ ಇಷ್ಟು ಹೋರಾಡಿ, 3 ವೋಲ್ಟ್ ಬಟನ್ ಸೆಲ್‌ನಿಂದ ಎಲ್‌ಡಿಒ ಮೂಲಕ 1 ವೋಲ್ಟ್ ತೆಗೆದರೆ ಸೆಲ್‌ನಿಂದಲೂ ಅದೇ 1 ಮಿಲಿಆಂಪಿಯರ್ ಹೋಗುತ್ತದೆ, ಮೂರರಲ್ಲಿ ಎರಡು ಭಾಗ ಶಾಖ. ಶೇ. 85 ದಕ್ಷತೆಯ ಬಕ್ ಕನ್ವರ್ಟರ್ ಇಟ್ಟರೆ 0.39 ಸಾಕು. ಅದರ ರಿಪಲ್ ವಿಸಿಒ ಸಪ್ಲೈಗೆ ಸೇರದಂತೆ ನಡುವೆ ಚಿಕ್ಕ ಎಲ್‌ಡಿಒ ಬೇಕು, ಇಲ್ಲದಿದ್ದರೆ ಸ್ವಿಚಿಂಗ್ ಆವರ್ತನದಷ್ಟು ಆಚೆಗಿನ ಚಾನೆಲ್ ನಿಮ್ಮ ಐಎಫ್ ಮೇಲೆ ಬಂದು ಕೂರುತ್ತದೆ. ಕ್ರಿಸ್ಟಲ್ ಏಳುವ ಸಮಯವನ್ನೂ ನೋಡಿ. ಹಳೆಯ ಬಗೆಯ ಅಡ್ವರ್ಟೈಸಿಂಗ್ ಪ್ಯಾಕೆಟ್ ಹೆಚ್ಚೆಂದರೆ 376 ಮೈಕ್ರೋಸೆಕೆಂಡ್. ಕ್ರಿಸ್ಟಲ್ ಸ್ಥಿರವಾಗಲು 1 ಮಿಲಿಸೆಕೆಂಡ್ ತೆಗೆದುಕೊಂಡು, ಅಷ್ಟು ಹೊತ್ತೂ ವಿಸಿಒ ಆನ್ ಇಟ್ಟಿದ್ದರೆ ಕೇಳುವುದಕ್ಕಿಂತ ಕಾಯುವುದಕ್ಕೇ ಹೆಚ್ಚು ಶಕ್ತಿ ಖರ್ಚಾಗುತ್ತದೆ. ಕ್ರಿಸ್ಟಲ್ ಸಿದ್ಧವಾದ ಮೇಲೆಯೇ ಉಳಿದದ್ದನ್ನು ಎಬ್ಬಿಸಿ.

180 ನ್ಯಾನೋಮೀಟರ್ ಪ್ರಶ್ನೆ. ಬೆಂಗಳೂರಿನ ಸಿ-ಡ್ಯಾಕ್‌ನ ಚಿಪ್‌ಇನ್ ಕೇಂದ್ರದ ಮೂಲಕ ಮೊಹಾಲಿಯ ಎಸ್‌ಸಿಎಲ್ ಫೌಂಡ್ರಿಗೆ ಹೋಗುವ ದಾರಿ ನಿಮ್ಮ ಮನಸ್ಸಿನಲ್ಲಿದ್ದರೆ, 2.4 ಗಿಗಾಹರ್ಟ್ಸ್‌ನಲ್ಲಿ ಈ ಕರೆಂಟ್‌ಗೆ ಬೇಡ. ಅದೇ ಬಯಾಸ್‌ನಲ್ಲಿ ಟ್ರಾನ್ಸಿಸ್ಟರ್ ಅಗಲ 55 ಮೈಕ್ರಾನ್ ದಾಟುತ್ತದೆ, 65 ನ್ಯಾನೋಮೀಟರ್‌ನಲ್ಲಿ 15–20 ಗಿಗಾಹರ್ಟ್ಸ್ ಇದ್ದ ಎಫ್‌ಟಿ (ಟ್ರಾನ್ಸಿಸ್ಟರ್‌ನ ಕರೆಂಟ್ ಗೈನ್ 1ಕ್ಕೆ ಇಳಿಯುವ ಆವರ್ತನ) ಇಲ್ಲಿ ಮೂರು ನಾಲ್ಕಕ್ಕೆ ಇಳಿಯುತ್ತದೆ. ಭಾರತದಲ್ಲಿ ಪರವಾನಗಿ ಇಲ್ಲದೆ ಬಳಸಬಹುದಾದ 865 ಮೆಗಾಹರ್ಟ್ಸ್ ಬ್ಯಾಂಡ್‌ಗೆ ಮಾಡುವುದಾದರೆ ಖಂಡಿತ ಮಾಡಿ. ಬ್ಲೂಟೂತ್ ಆಗುವುದಿಲ್ಲ, ಕಿರಿದಾದ ಚಾನೆಲ್‌ನ ಎಫ್‌ಎಸ್‌ಕೆ (ಆವರ್ತನ ಬದಲಿಸಿ ಡೇಟಾ ಕಳಿಸುವ) ಲಿಂಕ್ ಆಗುತ್ತದೆ, ಚಾನೆಲ್ 100 ಕಿಲೋಹರ್ಟ್ಸ್ ಆದರೆ ನಾಯ್ಸ್ 10 ಡಿಬಿ ಕಡಿಮೆ. ಅದೇ 50ರಿಂದ 450 ಓಮ್ ಮ್ಯಾಚ್‌ಗೆ 26 ನ್ಯಾನೋಹೆನ್ರಿ ಮತ್ತು 1.16 ಪಿಕೋಫ್ಯಾರಡ್ ಬೇಕು. ಅಂದರೆ ಪ್ಯಾಡ್, ಇಎಸ್‌ಡಿ, ಆ 55 ಮೈಕ್ರಾನ್ ಟ್ರಾನ್ಸಿಸ್ಟರ್ ಎಲ್ಲ ಸೇರಿಯೂ ಜಾಗ ಉಳಿಯುತ್ತದೆ. ಎಲ್‌ಒ ಬಫರ್‌ನಲ್ಲಿ ಮಾತ್ರ ಲಾಭ ನಿರೀಕ್ಷಿಸಬೇಡಿ: ಆವರ್ತನ ಮೂರನೇ ಒಂದಕ್ಕೆ ಇಳಿದದ್ದನ್ನು 1.8 ವೋಲ್ಟ್‌ನ ವರ್ಗ ತಿಂದುಹಾಕುತ್ತದೆ, ಅದೇ 45 ಫೆಮ್ಟೊ ತಂತಿಗೆ ಖರ್ಚಾಗುವ ಪವರ್ 65 ನ್ಯಾನೋಮೀಟರ್‌ನದಕ್ಕಿಂತ ಶೇ. 15ರಷ್ಟು ಹೆಚ್ಚೇ.